ರೊಟ್ಟಿ ಅಗಿಯಲಾರದವರಿಗೂ ದಾಸೋಹ ಮುಟ್ಟಲಿ

ಕಳೆದ ಶ್ರಾವಣದಲ್ಲಿ ನಮ್ಮ ಇಟಗಿಯಲ್ಲಿ ಪ್ರವಚನ ಮಂಗಲವಾದ ದಿನ ಪ್ರಸಾದದ ಪಂಕ್ತಿಯಲ್ಲಿ ಕುಳಿತಿದ್ದೆ. ಪಕ್ಕದಲ್ಲಿ ನಮ್ಮ ಓಣಿಯ ಹಿರಿಯರೊಬ್ಬರಿದ್ದರು. ಎಲೆಗೆ ಬಿದ್ದ ಎರಡು ಜೋಳದ ರೊಟ್ಟಿಯನ್ನು ಅವರು ಮುರಿಯಲಿಲ್ಲ, ಮೆಲ್ಲಗೆ ಮಡಚಿ ಟವೆಲ್ಲಿನಲ್ಲಿ ಕಟ್ಟಿಕೊಂಡರು. ಸಜ್ಜಕ ಮತ್ತು ಅನ್ನ-ಸಾರು ಉಂಡು ಎದ್ದರು. “ಯಾಕ್ರಿ ಅಜ್ಜಾರ, ರೊಟ್ಟಿ ಉಣ್ಣಲಿಲ್ಲಲ್ಲ?” ಎಂದೆ. “ಸಾಹೇಬ್ರ, ಹಲ್ಲು ಹೋದ ಮ್ಯಾಲ ರೊಟ್ಟಿ ನೋಡಾಕ ಅಷ್ಟ. ಮೊಮ್ಮಕ್ಕಳು ತಿಂತಾವ ಬಿಡ್ರಿ,” ಎಂದು ನಕ್ಕರು. ನಗುವಾಗ ಬಾಯಿಗೆ ಕೈ ಅಡ್ಡ ಹಿಡಿದಿದ್ದರು.

ಪ್ರಸಾದವನ್ನು ಬಿಡಬಾರದು, ಚೆಲ್ಲಬಾರದು ಎಂದು ನಾವು ಮಕ್ಕಳಿಗೆ ಹೇಳಿಕೊಡುತ್ತೇವೆ. ಆದರೆ ಪ್ರಸಾದವನ್ನು ಅಗಿಯಲಾರದ ಬಾಯಿಗಳು ನಮ್ಮ ಪಂಕ್ತಿಯಲ್ಲಿ ಎಷ್ಟಿವೆ ಎಂದು ಎಂದಾದರೂ ನೋಡಿದ್ದೇವೆಯೇ? ನಾನಂತೂ ನೋಡಿರಲಿಲ್ಲ. ನಮ್ಮ ಮನೆಯಲ್ಲೇ ನೋಡಿರಲಿಲ್ಲ ಎಂಬುದನ್ನು ನಾಚಿಕೆಯಿಂದಲೇ ಇಲ್ಲಿ ಬರೆಯುತ್ತಿದ್ದೇನೆ.

ಅಂದು ರಾತ್ರಿ ಊಟಕ್ಕೆ ಕುಳಿತಾಗ ಈ ಸಂಗತಿಯನ್ನು ನಮ್ಮ ಮನೆಯವರಿಗೆ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ನಾನೂ ನಾಲ್ಕು ವರ್ಷದಿಂದ ಒಂದ ಮಗ್ಗಲು ಅಗೀತೀನ್ರಿ. ನೀವು ನೋಡೇ ಇಲ್ಲ,” ಎಂದರು. ಎಡಗಡೆಯ ಮೂರು ಹಲ್ಲು ಅಲುಗಾಡುತ್ತಿದ್ದವು, ಎರಡು ಹುಳುಕು ಹಿಡಿದಿದ್ದವು. ಮಗಳ ಮದುವೆ, ಮನೆಯ ಸ್ಲ್ಯಾಬು, ನನ್ನ ಕಣ್ಣಿನ ಆಪರೇಷನ್ನು ಹೀಗೆ ಒಂದರ ಹಿಂದೆ ಒಂದು ಖರ್ಚು ಬಂದಿದ್ದರಿಂದ ಅವರು ಹೇಳಿರಲಿಲ್ಲ. ಮನೆಯಲ್ಲಿ ಖರ್ಚಿನ ಮಾತು ಬಂದಾಗ ಮೊದಲು ಮುಚ್ಚಿಕೊಳ್ಳುವ ಬಾಯಿ ಹೆಂಗಸರದು. ಸ್ತ್ರೀ-ಪುರುಷ ಸಮಾನತೆಯ ಮೇಲೆ ಹತ್ತಾರು ವೇದಿಕೆಗಳಲ್ಲಿ ಭಾಷಣ ಮಾಡಿದ ನನಗೆ ಎದುರಿಗೆ ಕುಳಿತು ಉಣ್ಣುವವರ ನೋವು ತಿಳಿದಿರಲಿಲ್ಲ.

ಮರುವಾರ ನಗರದ ಒಂದು ದಂತ ಚಿಕಿತ್ಸಾಲಯಕ್ಕೆ ಹೋದೆವು. ಎಕ್ಸ್‌ರೇ ತೆಗೆದು, ಹಲ್ಲು ಕಿತ್ತು, ಇಂಪ್ಲಾಂಟ್ ಕೂಡಿಸಿ, ಮೇಲೆ ಕ್ಯಾಪ್ ಹಾಕಲು ಒಟ್ಟು 2 ಲಕ್ಷ 80 ಸಾವಿರ ರೂಪಾಯಿ ಆಗುತ್ತದೆಂದು ಒಂದೇ ಸಾಲಿನಲ್ಲಿ ಬರೆದುಕೊಟ್ಟರು. “ಕಂತು ಮಾಡಿಕೊಡ್ತೀವಿ, ಇವತ್ತೇ ಶುರು ಮಾಡೋಣ” ಎಂದರು. ನನ್ನ ವಿಮೆಯ ಕಾಗದ ತೆಗೆದು ಓದಿದರೆ, ಅಪಘಾತದಲ್ಲಿ ಪೆಟ್ಟಾದರೆ ಮಾತ್ರ ಹಲ್ಲಿನ ಚಿಕಿತ್ಸೆ, ಉಳಿದದ್ದಕ್ಕೆ ಇಲ್ಲ ಎಂದಿತ್ತು. ಹೆಚ್ಚಿನ ಆರೋಗ್ಯ ವಿಮೆಗಳ ನಿಯಮ ಇದೇ. ಪೆನ್ಶನ್ ಬರುವ ನನಗೇ ಎದೆ ಧಸಕ್ಕೆಂದಿತು. ಕೂಲಿಯವರ ಗತಿಯೇನು? ನಮ್ಮ ಸುತ್ತಲಿನ ಹಳ್ಳಿಯ ಒಬ್ಬ ತಾಯಿ ಬೋರಮಾಳ ಸರವನ್ನು ಒತ್ತೆ ಇಟ್ಟು ಹಲ್ಲು ಕಟ್ಟಿಸಿದ್ದು ನನಗೆ ಗೊತ್ತಿದೆ. ಆ ಸರ ಇನ್ನೂ ಬಿಡಿಸಿಲ್ಲ.

ನಾನು ಮೂವತ್ತೈದು ವರ್ಷ ಎಸ್ಟಿಮೇಟ್ ಬರೆದವನು. ಒಂದೇ ಸಾಲಿನ ಎಸ್ಟಿಮೇಟ್‌ಗೆ ಎಂದೂ ಸಹಿ ಹಾಕಿದವನಲ್ಲ. ಮರುದಿನ ಮತ್ತೆ ಹೋಗಿ, ಯಾವ ಹಲ್ಲಿಗೆ ಯಾವ ಕೆಲಸ, ಯಾವುದಕ್ಕೆ ಎಷ್ಟು, ಯಾವುದು ಈಗಲೇ ಆಗಬೇಕು, ಯಾವುದು ಆರು ತಿಂಗಳು ತಡೆದೀತು ಎಂದು ಬಿಡಿಬಿಡಿಯಾಗಿ ಬರೆದುಕೊಡಲು ಕೇಳಿದೆ. ಆ ಪಟ್ಟಿಯನ್ನು ಹಿಡಿದು ಇನ್ನೊಬ್ಬ ವೈದ್ಯರ ಅಭಿಪ್ರಾಯ ಪಡೆದೆ. ಆಗ ತಿಳಿದ ಸಂಗತಿಗಳು ಎಲ್ಲರಿಗೂ ಉಪಯೋಗವಾಗುವಂಥವು.

ಹೋದ ಹಲ್ಲಿನ ಜಾಗ ತುಂಬಲು ಮೂರು ದಾರಿಗಳಿವೆ. ಒಂದು, ತೆಗೆದಿಟ್ಟು ತೊಳೆದು ಹಾಕಿಕೊಳ್ಳುವ ಹಲ್ಲು. ಇದು ಎಲ್ಲಕ್ಕಿಂತ ಅಗ್ಗ. ಎರಡು, ಅಕ್ಕಪಕ್ಕದ ಹಲ್ಲುಗಳನ್ನು ಸವೆಸಿ ಅವುಗಳ ಆಧಾರದ ಮೇಲೆ ಕೂಡಿಸುವ ಬ್ರಿಜ್. ಆಧಾರದ ಹಲ್ಲು ಗಟ್ಟಿಯಾಗಿದ್ದರೆ ಮಾತ್ರ ಇದು ನಿಲ್ಲುತ್ತದೆ. ಕಂಬ ಸಡಿಲವಿದ್ದಲ್ಲಿ ತೊಲೆ ಕೂಡುವುದಿಲ್ಲ. ಮೂರು, ದವಡೆಯ ಎಲುಬಿನಲ್ಲಿ ತಿರುಪು ಕೂಡಿಸಿ ಅದರ ಮೇಲೆ ಹಲ್ಲು ಕಟ್ಟುವ ಇಂಪ್ಲಾಂಟ್. ಮೂರರಲ್ಲಿ ದುಬಾರಿ ಇದೇ. ತಿರುಪು ಎಲುಬಿಗೆ ಬೆಸೆದುಕೊಳ್ಳಲು ಸಾಮಾನ್ಯವಾಗಿ ಮೂರರಿಂದ ಆರು ತಿಂಗಳು ಬೇಕು. ಸಕ್ಕರೆ ಕಾಯಿಲೆ ಹಿಡಿತದಲ್ಲಿಲ್ಲದವರಿಗೆ, ತಂಬಾಕು ಬಿಡದವರಿಗೆ ಅದು ಕೆಡುವ ಸಂಭವ ಹೆಚ್ಚು. ಮೂರೂ ಸರಿಯಾದ ಕೆಲಸಗಳೇ. ಆದರೆ ಮೂರನೆಯದೊಂದನ್ನೇ ತೋರಿಸಿ, ಮೊದಲೆರಡರ ಮಾತನ್ನೇ ಎತ್ತದಿದ್ದರೆ ನಾವೇ ಬಾಯಿ ಬಿಟ್ಟು ಕೇಳಬೇಕು.

ಇಷ್ಟು ಹೇಳಿ ವೈದ್ಯರನ್ನೆಲ್ಲ ದೂರುವುದು ನನ್ನ ಉದ್ದೇಶವಲ್ಲ. ಪ್ರತಿಯೊಬ್ಬರ ಬಾಯಿಗೆ ಬೇರೆ ಬೇರೆ ಅಳತೆ ತೆಗೆದು, ಲ್ಯಾಬಿನಲ್ಲಿ ಒಂದೊಂದಾಗಿ ಮಾಡಿಸುವ ಕೆಲಸ ಅದು. ಕುರ್ಚಿ, ಯಂತ್ರ, ಉಪಕರಣ ಶುದ್ಧ ಮಾಡುವ ವ್ಯವಸ್ಥೆ, ಬಾಡಿಗೆ ಎಲ್ಲವೂ ಆ ದರದಲ್ಲಿ ಸೇರಿವೆ. ಅಗ್ಗವೆಂದು ಸಂತೆಯಲ್ಲಿ, ಬಸ್‌ಸ್ಟ್ಯಾಂಡಿನ ಬದಿಯಲ್ಲಿ ಕೂತು ಒಂದೇ ದಿನಕ್ಕೆ ಹಲ್ಲು ಅಂಟಿಸಿಕೊಡುವವರ ಹತ್ತಿರ ಹೋಗುವವರಿದ್ದಾರೆ. ಅಂಟಿಸಿದ ಹಲ್ಲಿನ ಕೆಳಗೆ ಅನ್ನ ಸೇರಿ ವಸಡು ಕೊಳೆಯುತ್ತದೆ, ಗಟ್ಟಿಯಿದ್ದ ಪಕ್ಕದ ಹಲ್ಲುಗಳೂ ಹೋಗುತ್ತವೆ. ಅದಕ್ಕಿಂತ ದುಬಾರಿಯಾದ ಕೆಲಸ ಮತ್ತೊಂದಿಲ್ಲ.

ಕೊನೆಗೆ ನಾವು ದಂತ ವೈದ್ಯಕೀಯ ಕಾಲೇಜೊಂದರ ಆಸ್ಪತ್ರೆಗೆ ಹೋದೆವು. ಅಲ್ಲಿ ವಿದ್ಯಾರ್ಥಿಗಳು ಕಲಿಯಲು ರೋಗಿಗಳು ಬೇಕು, ಆದ್ದರಿಂದ ದರ ಕಡಿಮೆ. ಕೆಲಸ ವಿದ್ಯಾರ್ಥಿಯದು, ಪ್ರತಿ ಹಂತದಲ್ಲಿ ನೋಡಿ ಒಪ್ಪುವವರು ಪ್ರಾಧ್ಯಾಪಕರು. ನಮ್ಮ ಇಲಾಖೆಯಲ್ಲಿ ಜ್ಯೂನಿಯರ್ ಎಂಜಿನಿಯರ್ ಬರೆದ ಅಳತೆಯನ್ನು ಮೇಲಿನವರು ತಪಾಸಿಸಿದ ಹಾಗೆ. ಮೂರು ಹಲ್ಲು ಕಿತ್ತರು, ಎರಡಕ್ಕೆ ರೂಟ್ ಕೆನಾಲ್ ಮಾಡಿ ಕ್ಯಾಪ್ ಹಾಕಿದರು, ಹೋದ ಜಾಗಕ್ಕೆ ತೆಗೆದಿಡುವ ಹಲ್ಲು ಮಾಡಿಕೊಟ್ಟರು. ನಾಲ್ಕು ತಿಂಗಳು ಹಿಡಿಯಿತು, ಒಂಬತ್ತು ಸಲ ಹೋಗಿಬಂದೆವು. ಹೋಗಿಬರುವ ಖರ್ಚೂ ಸೇರಿ ಒಟ್ಟು 19 ಸಾವಿರ ಆಯಿತು. ಇಂಪ್ಲಾಂಟಿನಷ್ಟು ಗಟ್ಟಿಯಲ್ಲ, ಖಡಕ್ ರೊಟ್ಟಿ ಈಗಲೂ ಆಗುವುದಿಲ್ಲ. ಆದರೆ ಹಂಚಿನಿಂದ ತೆಗೆದ ಬಿಸಿ ರೊಟ್ಟಿಯನ್ನು ಅವರು ಎರಡೂ ಮಗ್ಗಲು ಅಗಿದು ಉಣ್ಣುತ್ತಾರೆ.

ಹಾಗಾದರೆ ಎಲ್ಲರೂ ಅಲ್ಲಿಗೇ ಹೋಗಬಹುದಲ್ಲ ಎಂದು ಕೇಳಬಹುದು. ನಾನೂ ಪಂಕ್ತಿಯ ಆ ಹಿರಿಯರಿಗೆ ಹಾಗೆಯೇ ಹೇಳಿದೆ. “ಒಂಬತ್ತು ಸಲ ಹೋಗಾಕ ಒಂಬತ್ತು ದಿನದ ಪಗಾರ ಹೋಕ್ಕೈತ್ರಿ. ನನ್ನ ಸಂಗಾಟ ಬರೋ ಮಗನ ಪಗಾರನೂ ಹೋಕ್ಕೈತಿ,” ಎಂದರು. ಲೆಕ್ಕದಲ್ಲಿ ನಾನು ಬಿಟ್ಟಿದ್ದ ಬಾಬತ್ತು ಇದು. ಬಡವರಿಗೆ ಹಲ್ಲಿನ ಖರ್ಚೆಂದರೆ ಆಸ್ಪತ್ರೆಯ ಬಿಲ್ಲು ಒಂದೇ ಅಲ್ಲ. ಹೋದ ದಿನಗಳ ಕೂಲಿ, ಬಸ್ಸಿನ ಚಾರ್ಜು, ಜೊತೆಗೆ ಬರುವವರ ಊಟ, ದೊಡ್ಡ ಆಸ್ಪತ್ರೆಯಲ್ಲಿ ಯಾವ ಬಾಗಿಲಿಗೆ ಹೋಗಬೇಕೆಂದು ತಿಳಿಯದ ಭಯ ಎಲ್ಲ ಸೇರಿ ಆ ಖರ್ಚು. ಇವುಗಳನ್ನು ಸರಕಾರದ ಯೋಜನೆಯಾಗಲಿ ಕಾಲೇಜಾಗಲಿ ತುಂಬಿಕೊಡುವುದಿಲ್ಲ. ಮಠಗಳು ಮಾಡಬಹುದಾದ ಕೆಲಸ ಇಲ್ಲಿಯೇ ಇದೆ.

ನಮ್ಮ ಭಾಗದ ಸುತ್ತಮುತ್ತ ದಂತ ಕಾಲೇಜುಗಳಿಗೆ ಕೊರತೆಯಿಲ್ಲ. ಬಳ್ಳಾರಿಯಲ್ಲಿ ಸರಕಾರಿ ದಂತ ಕಾಲೇಜಿದೆ. ರಾಯಚೂರು, ಬಾಗಲಕೋಟೆ, ಧಾರವಾಡ, ಕಲಬುರಗಿ, ಬೆಳಗಾವಿ, ದಾವಣಗೆರೆಗಳಲ್ಲಿ ಖಾಸಗಿ ಸಂಸ್ಥೆಗಳ ಕಾಲೇಜುಗಳಿವೆ. ಇವುಗಳಲ್ಲಿ ಹಲವು ನಮ್ಮ ಸಮಾಜದ ಹಿರಿಯರು ಕಟ್ಟಿದ ಸಂಸ್ಥೆಗಳವು. 1906ರಲ್ಲಿ ಹುಟ್ಟಿದ ಬಾಗಲಕೋಟೆಯ ಬಸವೇಶ್ವರ ವಿದ್ಯಾವರ್ಧಕ ಸಂಘ, 1916ರಲ್ಲಿ ಏಳು ಜನ ಶಿಕ್ಷಕರು ಆರಂಭಿಸಿದ ಬೆಳಗಾವಿಯ ಕೆ.ಎಲ್.ಇ. ಸಂಸ್ಥೆ, ಕಲಬುರಗಿಯ ಹೈದರಾಬಾದ್ ಕರ್ನಾಟಕ ಶಿಕ್ಷಣ ಸಂಸ್ಥೆ ಇವೆಲ್ಲ ಬೆಳೆದದ್ದು ಊರೂರ ಜನ ಕೊಟ್ಟ ದಾನದಿಂದ. ಕೊಟ್ಟವರ ಮೊಮ್ಮಕ್ಕಳು ಇಂದು ಆ ಆಸ್ಪತ್ರೆಗಳ ಬಾಗಿಲಿಗೆ ಹೋಗಲು ಅಂಜುತ್ತಾರೆ ಎಂದರೆ ನಡುವೆ ಎಲ್ಲೋ ದಾರಿ ತಪ್ಪಿದೆ. ಬಡ ಕುಟುಂಬದ ಹಿರಿಯರಿಗೆ ಪುಕ್ಕಟೆ ಹಲ್ಲಿನ ಸೆಟ್ ಕೊಡುವ ‘ದಂತ ಭಾಗ್ಯ’ ಯೋಜನೆಯನ್ನು ರಾಜ್ಯ ಸರಕಾರ ಸುಮಾರು ಹತ್ತು ವರ್ಷದ ಹಿಂದೆಯೇ ತಂದಿತು. ನಮ್ಮ ಪಂಕ್ತಿಯಲ್ಲಿ ಅದರ ಹೆಸರು ಕೇಳಿದವರೇ ಇರಲಿಲ್ಲ. ತಾಲ್ಲೂಕು ಆಸ್ಪತ್ರೆಯ ದಂತ ವೈದ್ಯರಲ್ಲಿ ಬಿ.ಪಿ.ಎಲ್. ಕಾರ್ಡು ಹಿಡಿದು ಮೊದಲು ವಿಚಾರಿಸಬೇಕಾದದ್ದು ಇದನ್ನೇ.

ಇನ್ನೊಂದು ಮಾತು ಹೇಳದಿದ್ದರೆ ನನ್ನ ಮನಸ್ಸು ಒಪ್ಪುವುದಿಲ್ಲ. ನಾನು ಇಲಾಖೆಗೆ ಸೇರಿದ 1985ರ ಸುಮಾರಿಗೆ ನಮ್ಮದು ಇನ್ನೂ ರಾಯಚೂರು ಜಿಲ್ಲೆ. ಮೆಟ್ಟಿಲು ಬಾವಿಯ ನೀರು ಕುಡಿದು ಜನರಿಗೆ ನಾರುಹುಣ್ಣು ಆಗುತ್ತಿತ್ತು. ಅದನ್ನು ತಪ್ಪಿಸಲು ಊರೂರಿಗೆ ಬೋರಿಂಗ್ ಹಾಕಿದೆವು. ದೇಶದಲ್ಲಿ 1996ರ ನಂತರ ನಾರುಹುಣ್ಣಿನ ಒಂದು ಪ್ರಕರಣವೂ ಬರಲಿಲ್ಲ. 2000ದಲ್ಲಿ ಭಾರತ ಅದರಿಂದ ಮುಕ್ತವೆಂದು ಘೋಷಣೆಯಾಯಿತು. ಆ ಕೆಲಸದ ಹೆಮ್ಮೆ ನನಗಿದೆ. ಆದರೆ ಕಲ್ಲಿನ ಆಳದಿಂದ ಎತ್ತಿದ ನೀರಿನಲ್ಲಿ ಕೆಲವು ಊರುಗಳಲ್ಲಿ ಫ್ಲೋರೈಡ್ ಬಂತು. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 1.5ರ ತನಕ ಎಂಬುದು ನಮ್ಮ ದೇಶದ ಮಾನಕ. ಅದಕ್ಕೂ ಮೀರಿದ ನೀರನ್ನು ಚಿಕ್ಕಂದಿನಲ್ಲಿ ಕುಡಿದ ಮಕ್ಕಳ ಹಲ್ಲಿನ ಮೇಲೆ ಕಂದು ಕಲೆ ಉಳಿಯಿತು. ಎಷ್ಟು ತಿಕ್ಕಿದರೂ ಅದು ಹೋಗುವುದಿಲ್ಲ. ಹೆಣ್ಣು ನೋಡಲು ಬಂದಾಗ ಸೆರಗು ಅಡ್ಡ ಹಿಡಿಯುವ ಹುಡುಗಿಯರು, ಆ ಕಲೆ ಮುಚ್ಚಿಸಲು ಸಾಲ ಮಾಡುವ ತಂದೆಯರು ನಮ್ಮ ನಡುವೆ ಇದ್ದಾರೆ. ನಾನು ಸಹಿ ಹಾಕಿದ ಕೊಳವೆಬಾವಿಗಳಲ್ಲಿ ಅಂಥವು ಎಷ್ಟೋ! ಆದ್ದರಿಂದ ಶಾಲೆಯ, ಮಠದ ಪ್ರಸಾದ ನಿಲಯದ ಕುಡಿಯುವ ನೀರನ್ನು ವರ್ಷಕ್ಕೊಮ್ಮೆಯಾದರೂ ಪರೀಕ್ಷೆ ಮಾಡಿಸಿ, ಫಲಿತಾಂಶವನ್ನು ಗೋಡೆಗೆ ಹಚ್ಚಬೇಕೆಂದು ನಾನು ಹೋದಲ್ಲೆಲ್ಲ ಹೇಳುತ್ತಿದ್ದೇನೆ.

ನಮ್ಮೂರ ಮಹಾದೇವ ದೇವಾಲಯ 1112ರಲ್ಲಿ ಕಟ್ಟಿದ್ದು. ಇಂಥ ಹಳೆಯ ಕಲ್ಲುಕಟ್ಟಡಕ್ಕೆ ದೊಡ್ಡ ವೈರಿ ಬಿರುಗಾಳಿಯಲ್ಲ. ಕಲ್ಲಿನ ಸಂದಿಯಲ್ಲಿ ಹುಟ್ಟುವ ಚೋಟುದ್ದದ ಅರಳಿ ಸಸಿ. ಎಳೆಯದಿದ್ದಾಗ ಎರಡು ಬೆರಳಿನಿಂದ ಕೀಳಬಹುದು. ಬಿಟ್ಟರೆ ಬೇರು ಇಳಿದು ಗೋಡೆಯನ್ನೇ ಬಿಚ್ಚಬೇಕಾಗುತ್ತದೆ. ಹಲ್ಲಿನ ಹುಳುಕೂ ಹಾಗೆ. ಸಣ್ಣ ತೂತಿದ್ದಾಗ ಕೆಲವು ನೂರು ರೂಪಾಯಿಯ ಸಿಮೆಂಟಿನಲ್ಲಿ ಮುಗಿಯುವ ಕೆಲಸ ನರ ಮುಟ್ಟಿದ ಮೇಲೆ ಸಾವಿರಗಳಿಗೆ ಹೋಗುತ್ತದೆ, ಹಲ್ಲು ಹೋದ ಮೇಲೆ ಲಕ್ಷಕ್ಕೆ ಹೋಗುತ್ತದೆ. ದಿನಕ್ಕೆ ಎರಡು ಸಲ ಹಲ್ಲು ತಿಕ್ಕುವುದು, ಗುಟಕಾ-ತಂಬಾಕು ಬಿಡುವುದು, ವರ್ಷಕ್ಕೊಮ್ಮೆ ತೋರಿಸುವುದು ಇವು ಹಳೆಯ ಮಾತುಗಳೇ ಆದರೂ ಇವಕ್ಕಿಂತ ಅಗ್ಗದ ಔಷಧವಿಲ್ಲ. ಎರಡು ವಾರವಾದರೂ ಮಾಯದ ಬಾಯಿಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ ಇದ್ದರೆ, ಮುಖ ಬಾತು ಜ್ವರ ಬಂದರೆ ಖರ್ಚಿನ ಲೆಕ್ಕ ಹಾಕುತ್ತ ಕೂಡಬಾರದು. ಕೂಡಲೇ ಆಸ್ಪತ್ರೆಗೆ ಹೋಗಬೇಕು.

ಈಗ ಮಠಗಳಿಗೆ ನನ್ನ ಬಿನ್ನಹ. ಜಾತ್ರೆಯಲ್ಲಿ ದಂತ ತಪಾಸಣೆ ಶಿಬಿರ ನಡೆಯುವುದು ಹೊಸದಲ್ಲ. ಬ್ರಷ್ಷು, ಪೇಸ್ಟು ಹಂಚಿ, ಫೋಟೊ ತೆಗೆಸಿ ಮುಗಿಯುವ ಆ ಶಿಬಿರ ಅರ್ಧ ಕೆಲಸ. ಉಳಿದರ್ಧ ಇಷ್ಟು: ತಪಾಸಣೆಯಾದವರ ಹೆಸರು ಒಂದು ರಿಜಿಸ್ಟರಿನಲ್ಲಿ ಇರಲಿ, ಯಾರಿಗೆ ಯಾವ ಕೆಲಸ ಆಗಬೇಕೆಂದು ಅದರಲ್ಲಿ ಬರೆದಿರಲಿ. ಹತ್ತಿರದ ದಂತ ಕಾಲೇಜಿನೊಂದಿಗೆ ಮಾತಾಡಿ ತಿಂಗಳಿಗೆರಡು ದಿನ ಗೊತ್ತು ಮಾಡಿ, ಮಠದ ವಾಹನದಲ್ಲಿ ಇಪ್ಪತ್ತು-ಮೂವತ್ತು ಜನರನ್ನು ಕರೆದೊಯ್ದು ಕರೆತರಲಿ. ಅವರಿಗೆ ಬುತ್ತಿ ಮಠದ್ದೇ ಇರಲಿ. ಜೊತೆಗೆ ಓದಿದ ಒಬ್ಬ ಯುವಕ ಅಥವಾ ಯುವತಿ ಹೋಗಲಿ. ಒಬ್ಬೊಬ್ಬರ ಜೊತೆ ಒಬ್ಬೊಬ್ಬ ಮಗ ಕೂಲಿ ಬಿಟ್ಟು ಹೋಗುವುದು ತಪ್ಪುತ್ತದೆ. ತೀರ ಬಡವರ ಬಿಲ್ಲಿಗೆ ಬಡ್ಡಿಯಿಲ್ಲದ ಸಣ್ಣ ನಿಧಿಯಿಂದ ಕೊಟ್ಟು, ಅನುಕೂಲವಾದಾಗ ತುಂಬಿಸಿಕೊಳ್ಳಲಿ.

ಹಣ ಎಲ್ಲಿಂದ ಎನ್ನುತ್ತೀರಾ? ಒಂದು ನಾಣ್ಯದ ತುಲಾಭಾರ, ಒಂದು ಬೆಳ್ಳಿ ಕಿರೀಟ, ಒಂದು ರಾತ್ರಿಯ ಪಟಾಕಿ ಇವುಗಳಲ್ಲಿ ಯಾವುದನ್ನಾದರೂ ಒಂದು ವರ್ಷ ಬಿಟ್ಟು ನೋಡೋಣ. ಕೊಪ್ಪಳದ ಗವಿಮಠದ ಶ್ರೀಗಳು 2019ರಲ್ಲಿ ಹಿರೇಹಳ್ಳದ ಹೂಳೆತ್ತಲು ತಾವೇ ಇಳಿದಾಗ ಜನ ಹಿಂದೆ ಬಂದದ್ದನ್ನು ನಮ್ಮ ಜಿಲ್ಲೆ ಕಂಡಿದೆ. ಶ್ರೀಗಳು ಮುಂದಾದರೆ ಜನರ ಕೈ ತಾನಾಗಿ ಬಿಚ್ಚುತ್ತದೆ.

ದಾಸೋಹವೆಂದರೆ ಎಲೆಗೆ ಬಡಿಸಿದಲ್ಲಿಗೆ ಮುಗಿಯಿತೆಂದು ನಾವು ತಿಳಿದಿದ್ದೇವೆ. ಬಡಿಸಿದ್ದು ಹೊಟ್ಟೆಗೆ ಸೇರಿದಾಗಲೇ ಅದು ಮುಗಿಯುವುದು. ನಮ್ಮ ಓಣಿಯ ಆ ಹಿರಿಯರ ಹೆಸರನ್ನು ರಿಜಿಸ್ಟರಿನ ಮೊದಲ ಸಾಲಿನಲ್ಲಿ ನಾನೇ ಬರೆದಿದ್ದೇನೆ. ಬನ್ನಿಕೊಪ್ಪ ಸ್ಟೇಷನ್ನಿನಿಂದ ಅವರ ಜೊತೆ ರೈಲು ಹತ್ತುವವನೂ ನಾನೇ. ಬರುವ ಶ್ರಾವಣದ ಪಂಕ್ತಿಯಲ್ಲಿ ಅವರು ರೊಟ್ಟಿಯನ್ನು ಟವೆಲ್ಲಿಗೆ ಕಟ್ಟದೆ ಎಲೆಯಲ್ಲೇ ಮುರಿಯಬೇಕು. ತಮ್ಮ ತಮ್ಮ ಊರಿನ ಪಂಕ್ತಿಯಲ್ಲಿ ಅಂಥವರು ಯಾರಿದ್ದಾರೆಂದು ಓದುಗರೂ ಒಮ್ಮೆ ಅಕ್ಕಪಕ್ಕ ನೋಡಬೇಕು. ಅದಕ್ಕೂ ಮೊದಲು, ತಮ್ಮ ಮನೆಯಲ್ಲಿ ಯಾರು ಒಂದೇ ಮಗ್ಗಲು ಅಗಿಯುತ್ತಿದ್ದಾರೆಂದು ಕೇಳಬೇಕು.