ದೊಡ್ಡ ಟಾಯರಿಗೆ ಎಷ್ಟು ಹವಾ?



ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ತಾಲೂಕುಗಳಲ್ಲಿ ಟ್ರ್ಯಾಕ್ಟರಿನ ಹಿಂದಿನ ಟಾಯರು ಸವೆದಾಗ ಒಂದು ಅಳತೆ ದೊಡ್ಡದನ್ನು ಹಾಕಿಸುವವರಿದ್ದಾರೆ. 13.6-28ರ ಜಾಗದಲ್ಲಿ 14.9-28 ಬರುತ್ತದೆ. ಸಾವಿರಾರು ರೂಪಾಯಿ ಖರ್ಚು ಮಾಡಿದ ಮೇಲೆ ಹವಾ ಎಷ್ಟಿರಬೇಕೆಂಬ ವಿಚಾರವನ್ನು ಮಾತ್ರ ಪಂಕ್ಚರ್ ಅಂಗಡಿಗೆ ಬಿಟ್ಟುಬಿಡುತ್ತೇವೆ. "ಟಾಯರು ದೊಡ್ಡದು, ಹವಾನೂ ಜಾಸ್ತಿ ಬೇಕು" ಎಂಬ ಎಣಿಕೆ ತಪ್ಪು ಎಂಬುದೇ ಈ ಲೇಖನದ ಅಭಿಪ್ರಾಯ.

ಭಾರ ಹೊರುವುದು ರಬ್ಬರು ಅಲ್ಲ, ಒಳಗಿನ ಹವಾ. ದೊಡ್ಡ ಟಾಯರಿನಲ್ಲಿ ಹವಾ ಹಿಡಿಯುವ ಜಾಗ ಹೆಚ್ಚು. ಆದ್ದರಿಂದ ಅದೇ ಭಾರವನ್ನು ಅದು ಕಡಿಮೆ ಒತ್ತಡದಲ್ಲಿಯೇ ಹೊರಬಲ್ಲದು. ಟಾಯರಿನ ಮಗ್ಗುಲಲ್ಲಿ ಅಚ್ಚಾದ ಅಂಕಿ ಗರಿಷ್ಠ ಮಿತಿಯೇ ಹೊರತು ದಿನನಿತ್ಯ ತುಂಬಿಸಬೇಕಾದ ಪ್ರಮಾಣವಲ್ಲ. ಜೀಪು, ಪಿಕಪ್ ಗಾಡಿಗೆ ದೊಡ್ಡ ಟಾಯರು ಹಾಕಿಸಿದವರಿಗೂ ಇದೇ ಮಾತು ಅನ್ವಯಿಸುತ್ತದೆ. ಬಾಗಿಲ ಪಟ್ಟಿಯ ಅಂಕಿ ಮೊದಲಿನ ಟಾಯರಿನದು; ಹೊಸ ಅಳತೆಗೆ ಟಾಯರು ಕಂಪನಿಯ ಭಾರ-ಒತ್ತಡದ ಕೋಷ್ಟಕವನ್ನು ಮಾರಾಟಗಾರರಿಂದ ಕೇಳಿ ಪಡೆಯಬೇಕು.

ಟಾಯರು ನೆಲವನ್ನು ಒತ್ತುವ ಬಲ ಸುಮಾರಾಗಿ ಒಳಗಿನ ಹವೆಯ ಒತ್ತಡದಷ್ಟೇ, ಅದಕ್ಕಿಂತ ತುಸು ಹೆಚ್ಚು. ಚಕ್ಕಡಿಯ ಕಬ್ಬಿಣದ ಹಳಿ ಹಸಿ ಎರೆಹೊಲದಲ್ಲಿ ಹೂಳುವುದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅಗಲ ಟಾಯರಿಗೆ ಬಿಗಿಯಾಗಿ ಹವಾ ತುಂಬಿದರೆ ಅದರ ನಡು ಭಾಗ ಮಾತ್ರ ನೆಲ ಮುಟ್ಟುತ್ತದೆ. ಅಗಲಕ್ಕೆ ಕೊಟ್ಟ ಹಣ ವ್ಯರ್ಥವಾಗುತ್ತದೆ. ಹಸಿ ಮಣ್ಣು ಒತ್ತಿ ಗಟ್ಟಿಯಾದರೆ ಮಳೆನೀರು ಇಂಗದು, ಬೇರು ಇಳಿಯದು. ಹಿಂಗಾರಿ ಬಿಳಿಜೋಳ, ಕಡಲೆಗಳು ನೆಲದ ಹಸಿಯನ್ನೇ ನಂಬಿರುವ ರಾಮದುರ್ಗ, ಸವದತ್ತಿಯ ಖುಷ್ಕಿ ಹೊಲಗಳಿಗೆ ಈ ನಷ್ಟ ಸಣ್ಣದಲ್ಲ. ಮಳೆ ಹೆಚ್ಚಾದ ಕಿತ್ತೂರು ಭಾಗದಲ್ಲಿ ಹಸಿ ಹೊಲಕ್ಕೆ ಗಾಡಿ ಇಳಿಸುವ ಪ್ರಸಂಗಗಳು ಇನ್ನೂ ಹೆಚ್ಚು.

ಹಾಗೆಂದು ಸದಾ ಹವಾ ಇಳಿಸಿಯೇ ಓಡಿಸಬೇಕೆಂದಲ್ಲ. ಕಬ್ಬಿನ ಟ್ರೇಲರು ಎಳೆದು ಡಾಂಬರು ರಸ್ತೆಯಲ್ಲಿ ಓಡುವಾಗ ಹವಾ ಕಡಿಮೆಯಿದ್ದರೆ ಟಾಯರಿನ ಮಗ್ಗುಲು ಮಡಚಿ, ಕಾದು, ಸೀಳುತ್ತದೆ. ಆದ್ದರಿಂದ ಹೊಲಕ್ಕೆ ಒಂದು, ರಸ್ತೆಗೆ ಒಂದು ಹೀಗೆ ಎರಡು ಅಂಕಿಗಳು ಅವಶ್ಯ. ಸಾಮಾನ್ಯ ಟ್ರ್ಯಾಕ್ಟರಿನ ಹಿಂದಿನ ಟಾಯರಿಗೆ ಹೊಲದಲ್ಲಿ 12ರಿಂದ 14 ಪೌಂಡು, ಭಾರದ ಸಾಗಾಣಿಕೆಗೆ 16ರಿಂದ 20 ಪೌಂಡು ಹವಾ ರೂಢಿಯಲ್ಲಿದೆ. ಕೊನೆಯ ಮಾತು ಮಾತ್ರ ಕಂಪನಿಯ ಕೋಷ್ಟಕದ್ದು.

ಹವಾ ಸರಿಯಿದೆಯೇ ಎಂದು ಹೊಲದಲ್ಲಿಯೇ ತಿಳಿಯಬಹುದು. ಹಿಂದಿನ ಗಾಲಿಗೆ ಸುಣ್ಣದ ಗುರುತು ಹಾಕಿ, ನೇಗಿಲು ಎತ್ತಿ 10 ಸುತ್ತು ಓಡಿಸಿ ದೂರ ಅಳೆಯಿರಿ. ಅದೇ ಹೊಲದಲ್ಲಿ ನೇಗಿಲು ಊರಿ ಮತ್ತೆ 10 ಸುತ್ತು ಅಳೆಯಿರಿ. ಮೊದಲು 40 ಮೀಟರು, ಆಮೇಲೆ 35 ಮೀಟರು ಬಂದರೆ ಗಾಲಿ ಜಾರಿದ್ದು ಶೇಕಡಾ 12.5. ಶೇಕಡಾ 10ರಿಂದ 15 ಇದ್ದರೆ ಚಿಂತೆಯಿಲ್ಲ. ಅದಕ್ಕಿಂತ ಹೆಚ್ಚಾದರೆ ಡೀಸೆಲ್ ಮತ್ತು ಟಾಯರು ಎರಡೂ ಹಾಳು. ಹವಾ ಹೆಚ್ಚಾಗಿದೆಯೇ, ತೂಕ ಸಾಲದೇ ಎಂದು ನೋಡಬೇಕು.

ಇನ್ನೆರಡು ಎಚ್ಚರಿಕೆಗಳು. ಹೊಸ ಅಳತೆಗೆ ನಿಮ್ಮ ರಿಮ್ ಹೊಂದುವುದೇ ಎಂದು ಮೊದಲೇ ಕೇಳಿರಿ. ನಾಲ್ಕೂ ಗಾಲಿ ಎಳೆಯುವ ಟ್ರ್ಯಾಕ್ಟರಿನಲ್ಲಿ ಹಿಂದಿನವನ್ನಷ್ಟೇ ದೊಡ್ಡದು ಮಾಡಿದರೆ ಮುಂದಿನ-ಹಿಂದಿನ ಗಾಲಿಗಳ ತಾಳ ತಪ್ಪಿ ಗೇರುಗಳಿಗೆ ಪೆಟ್ಟು ಬೀಳುತ್ತದೆ.

ರೈತರ ಅಡಚಣೆಯೂ ನಿಜವಾದುದೇ. ಹೊಲದ ಬದುವಿನಲ್ಲಿ ಹವಾ ತುಂಬುವ ಯಂತ್ರ ಎಲ್ಲಿದೆ? ಲಾರಿಯ ಗೇಜಿನಲ್ಲಿ 12ಕ್ಕೂ 16ಕ್ಕೂ ಭೇದ ತಿಳಿಯುವುದು ಕಷ್ಟ. ಪ್ರತಿ ಊರಿನ ಸಹಕಾರಿ ಸಂಘದಲ್ಲಿ ಕಡಿಮೆ ಒತ್ತಡ ತೋರಿಸುವ ಒಂದು ಗೇಜು, ಒಂದು ಸಣ್ಣ ಪಂಪು ಇಟ್ಟರೆ ಬಾಡಿಗೆ ಟ್ರ್ಯಾಕ್ಟರಿನವರಿಗೂ ಅನುಕೂಲ. ಕಬ್ಬು ಒಯ್ಯುವ ಕಾರ್ಖಾನೆಗಳೂ ತಮ್ಮ ಅಂಗಳದಲ್ಲಿ ಈ ಸೌಲಭ್ಯ ಒದಗಿಸುವುದು ನ್ಯಾಯ. ತುಳಿತಕ್ಕೆ ಸಿಕ್ಕ ಕುಳೆ ಕಬ್ಬು ಸೊರಗಿದರೆ ನಷ್ಟ ಇಬ್ಬರಿಗೂ ಉಂಟು.

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದರು ಹಿರಿಯರು. ಅದೇ ರೀತಿ ಭಾರ ಇದ್ದಷ್ಟು ಹವಾ ಇರಲಿ. ಬೆಳಿಗ್ಗೆ ಟಾಯರು ತಣ್ಣಗಿರುವಾಗ ಅಳೆಯುವ ಎರಡು ನಿಮಿಷಕ್ಕೆ ಖರ್ಚಿಲ್ಲ. ಗಟ್ಟಿಯಾದ ಹೊಲವನ್ನು ಸಡಿಲಿಸಲು ವರ್ಷಗಳೇ ಬೇಕು.