ಸೌಟು ಹಿಡಿದವರಿಗೆ ಕೋಡಿಂಗ್ ಬೇಡವೇ?

ಹೋಟೆಲ್ ಅಡುಗೆಯವರು ಕೋಡಿಂಗ್ ಕಲಿಯಹೊರಡುವುದು ಹುಚ್ಚು ಎಂದು ಲೇಖಕರೊಬ್ಬರು ತೀರ್ಪು ಕೊಟ್ಟಿದ್ದಾರೆ. ಅವರು ಬೆಂಗಳೂರಿನ ಯಾವ ದರ್ಶಿನಿಯ ಕೌಂಟರಿನಾಚೆಗೂ ಇಣುಕಿದಂತಿಲ್ಲ. ಬೆಳಗಿನ ಎಂಟೂವರೆಗೆ ಹಂಚಿನ ತುಂಬ ದೋಸೆ. ಯಾವುದಕ್ಕೆ ಎಣ್ಣೆ ಕಡಿಮೆ, ಯಾವುದಕ್ಕೆ ಈರುಳ್ಳಿ ಬೇಡ ಎಂಬುದೆಲ್ಲ ಭಟ್ಟರ ತಲೆಯಲ್ಲಿ. ಅಷ್ಟರಲ್ಲಿ ಚಟ್ನಿ ಮುಗಿಯಿತೆಂಬ ಕೂಗು. ಗಾಬರಿಬೀಳದೆ ಮೊದಲು ಯಾವುದು, ಆಮೇಲೆ ಯಾವುದು ಎಂದು ತೀರ್ಮಾನಿಸುವ ಈ ಬುದ್ಧಿಯೇ ಸಾಫ್ಟ್‌ವೇರ್ ಕಂಪನಿಯ ಸರ್ವರ್ ಕೈಕೊಟ್ಟ ರಾತ್ರಿ ಬೇಕಾಗುವುದು. ಪೈಥಾನ್‌ನಂಥ ಕೋಡಿಂಗ್ ಭಾಷೆಯನ್ನು ಆಮೇಲೂ ಕಲಿಯಬಹುದು, ಬಿಡಿ.

ಎಂಜಿನಿಯರಿಂಗ್ ಓದದವರಿಗೆ ದಾರಿ ಎಲ್ಲಿದೆ ಎನ್ನುತ್ತಾರೆ ಲೇಖಕರು. ಐಐಟಿ ಮದ್ರಾಸ್ 2020ರಲ್ಲಿ ಪ್ರಕಟಿಸಿದ ಡೇಟಾ ಸೈನ್ಸ್ ಆನ್‌ಲೈನ್ ಪದವಿಗೆ ಜೆಇಇ ಕಡ್ಡಾಯವಲ್ಲ, ವಯಸ್ಸಿನ ಮಿತಿಯೂ ಇಲ್ಲ. ಪಿಯುಸಿ ಆದವರು ಆ ಸಂಸ್ಥೆಯದೇ ಅರ್ಹತಾ ಪರೀಕ್ಷೆ ದಾಟಿದರೆ ಸೇರಬಹುದು. ಗಣಿತ ಬೆವರಿಳಿಸುತ್ತದೆ, ಅದು ನಿಜ.

ಹೊಸಬರಿಗೆ ಕೆಲಸ ಸಿಗುವುದು ಕಷ್ಟ ಎಂಬ ಮಾತನ್ನು ಒಪ್ಪುತ್ತೇನೆ. ಆದರೆ ಬೈಗುಳ ಸಲ್ಲಬೇಕಾದದ್ದು ‘ಆರೇ ತಿಂಗಳಲ್ಲಿ ಕೆಲಸ ಗ್ಯಾರಂಟಿ’ ಎಂದು ದುಡ್ಡು ಕೀಳುವ ತರಬೇತಿ ಅಂಗಡಿಗಳಿಗೆ. ನಸುಕಿನ ನಾಲ್ಕಕ್ಕೆ ಒಲೆ ಹಚ್ಚಿ, ಪಿಎಫ್ ಮುಖ ಕಾಣದೆ ದುಡಿದವರಿಗಲ್ಲ. ಆ ಅಂಗಡಿಗಳ ಬಗ್ಗೆ ಲೇಖಕರು ಒಂದು ಸಾಲೂ ಬರೆದಿಲ್ಲ.