ಮೆಕ್ಯಾನಿಕಲ್ ಎಂ.ಟೆಕ್. ನಮಗ್ಯಾಕೆ ಅನ್ನುವವರ ಜೊತೆ ಒಂದು ಜಗಳ

'ಬಿ.ಇ. ಮುಗೀತಲ್ಲ, ಇನ್ನೂ ಎಷ್ಟು ಓದ್ತೀಯ? ಎಲ್ಲಾದ್ರೂ ಸೇರ್ಕೊಂಡು ಮನೆಗೆ ನಾಲ್ಕು ಕಾಸು ಕಳಿಸಬಾರ್ದಾ?'

ಈ ಮಾತನ್ನು ನಮ್ಮ ಹುಡುಗರಿಗೆ ಹಟ್ಟಿಯ ಅವ್ವ ಹೇಳ್ತಾಳೆ. ಅವಳ ಮಾತಿನಲ್ಲಿ ನ್ಯಾಯವಿದೆ; ಸಂಘದ ಸಾಲದ ಕಂತು ಕಟ್ಟುವವಳು ಅವಳು. ಕಾಲೇಜಿನ ಮೇಷ್ಟ್ರೂ ಹೇಳ್ತಾರೆ. ಅವರು ತಮ್ಮ ಸ್ವಂತ ಮಗನಿಗೆ ಈ ಮಾತು ಹೇಳಿದ್ದನ್ನು ನಾವು ಕಂಡಿಲ್ಲ. ಇವರಿಬ್ಬರನ್ನೂ ಬಿಟ್ಟರೆ ಹೇಳುವವರು ನಾವೇ. ಹಾಸ್ಟೆಲಿನಲ್ಲಿ ರಾತ್ರಿ ಅನ್ನ ಸಾರು ಉಂಡು, ಜಗಲಿ ಮೇಲೆ ಕೂತು, 'ಅದೆಲ್ಲಾ ನಮ್ಮಂಥೋರಿಗಲ್ಲ ಬಿಡು ಮಗಾ' ಅನ್ನುವ ನಾವು. ಈ ಬರಹದ ಜಗಳ ಈ 'ನಾವು' ಜೊತೆ.

ಮೊದಲೇ ಒಪ್ಪಿಕೊಳ್ಳುತ್ತೇವೆ. ನಾವು ಬಿ.ಎ. ಓದಿದವರು. ಸಭೆಯಲ್ಲಿ ಪದ್ಯ ಓದುತ್ತೇವೆ, ಚಪ್ಪಾಳೆ ಗಿಟ್ಟಿಸುತ್ತೇವೆ, ಹಿಂದಿನ ಸಾಲಿನಲ್ಲಿ ಕೂತು ಚಹಾ ಕುಡಿಯುತ್ತೇವೆ. ಬಾಬಾಸಾಹೇಬರು 1942ರಲ್ಲಿ ವೈಸರಾಯ್ ಲಿನ್‌ಲಿತ್‌ಗೊಗೆ ಕೊಟ್ಟ ಮನವಿಯಲ್ಲಿ ಒಂದು ಕಹಿ ಮಾತು ಬರೆದಿದ್ದಾರೆ. ಕಲೆ, ಕಾನೂನು ಓದುವುದರಿಂದ ಪರಿಶಿಷ್ಟರಿಗೆ ಹೆಚ್ಚು ಪ್ರಯೋಜನವಿಲ್ಲ, ಅವರನ್ನು ಎತ್ತುವುದು ವಿಜ್ಞಾನ ತಂತ್ರಜ್ಞಾನದ ಮೇಲ್ಮಟ್ಟದ ಓದು ಅನ್ನುವುದು ಆ ಮಾತಿನ ಸಾರ. ಅದಕ್ಕಾಗಿ ಸರ್ಕಾರ ವಿದ್ಯಾರ್ಥಿವೇತನ ಕೊಡಬೇಕೆಂದು ಕೇಳಿದರು. ಸ್ವತಃ ಅರ್ಥಶಾಸ್ತ್ರ, ಕಾನೂನು ಓದಿದವರೇ ಹೀಗೆ ಬರೆದಿದ್ದಾರೆ. ಬಿ.ಎ. ಸರ್ಟಿಫಿಕೇಟು ಟ್ರಂಕಿನಲ್ಲಿಟ್ಟುಕೊಂಡ ನಮಗೆ ಇದು ಚುಚ್ಚುತ್ತದೆ. ಚುಚ್ಚಲಿ. ನಮ್ಮಲ್ಲಿ ಪದ್ಯ ಬರೆಯುವವರಿಗೇನು ಬರ ಬಂದಿಲ್ಲ.

ನಮ್ಮ ಕೋಣೆಯಲ್ಲಿದ್ದ ಗೆಳೆಯನೊಬ್ಬನ ಕತೆ ಹೇಳುತ್ತೇವೆ. ಹೆಸರು ಬೇಡ, ಚಾಮರಾಜನಗರದ ಕಡೆಯವನು. ಡಿಪ್ಲೊಮಾ ಮಾಡಿ, ಅಲ್ಲಿಂದ ಬಿ.ಇ. ಎರಡನೇ ವರ್ಷಕ್ಕೆ ಸೇರಿದವನು. ಒಂದು ರಾತ್ರಿ 'ಥಿಯರಿ ಆಫ್ ಮಷೀನ್ಸ್' ಓದುತ್ತಿದ್ದವನು ಇದ್ದಕ್ಕಿದ್ದಂತೆ ನಗೋಕೆ ಶುರು ಮಾಡಿದ. ಬೆಲ್ಟುಗಳ ಅಧ್ಯಾಯ. ಎತ್ತಿನ ಬೆನ್ನುಮೂಳೆಯ ಎರಡೂ ಪಕ್ಕದ ಚರ್ಮವೇ ಬೆಲ್ಟಿಗೆ ಒಳ್ಳೆಯದು, ಕೂದಲಿನ ಬದಿ ನುಣುಪು, ಮಾಂಸದ ಬದಿಗೆ ಬಲ ಹೆಚ್ಚು, ರಾಟೆಗೆ ಕೂದಲಿನ ಬದಿ ತಾಗುವಂತೆ ಹಾಕಬೇಕು. ಇಂಗ್ಲಿಷಿನಲ್ಲಿ, ಚಿತ್ರ ಸಮೇತ. 'ಇದು ನಮ್ಮ ತಾತನ ಮಾತು ಕಣ್ರೋ' ಅಂದ. ಅವನ ತಾತ ಗೌಡರ ಕಪಿಲೆ ಬಾವಿಗೆ ಚರ್ಮದ ಚೀಲ ಹೊಲಿದು, ಮಿಣಿ ಹೊಸೆದು ಕೊಡುತ್ತಿದ್ದವರು. ಆ ಚೀಲ ಬಾವಿಗಿಳಿದು ನೀರು ಮುಟ್ಟಬಹುದಿತ್ತು. ಹೊಲಿದ ಕೈ ಮುಟ್ಟುವಂತಿರಲಿಲ್ಲ. ಕೇರಿಯಲ್ಲಿ ಈ ತಿಳಿವಳಿಕೆಗೆ ಇದ್ದ ಹೆಸರು ಮೈಲಿಗೆ. ಪುಸ್ತಕಕ್ಕೆ ಬಂದ ಮೇಲೆ ಅದರ ಹೆಸರು ಎಂಜಿನಿಯರಿಂಗ್, ಎಂಟು ಮಾರ್ಕಿನ ಪ್ರಶ್ನೆ.

ಮುಂದೆ ಎಂ.ಟೆಕ್.ನಲ್ಲಿ ಕಂಪನಗಳ ಪಾಠ ಬಂದಾಗ ದುಂಡನೆಯ ಪೊರೆ ಹೇಗೆ ಅದುರುತ್ತದೆ ಅನ್ನುವ ಲೆಕ್ಕ ಮಾಡಿದನಂತೆ. ಹಬ್ಬದ ಹಿಂದಿನ ರಾತ್ರಿ ಬೆಂಕಿ ಹಾಕಿ ತಮಟೆ ಕಾಯಿಸುವುದು ನಮಗೆಲ್ಲ ಗೊತ್ತು. ಚರ್ಮದ ಪಸೆ ಆರಿ ಬಿಗಿ ಏರುತ್ತದೆ, ಬಿಗಿ ಏರಿದಷ್ಟೂ ದನಿ ಏರುತ್ತದೆ. ನಮ್ಮಪ್ಪಂದಿರಿಗೆ ಕೈಗೆ ಗೊತ್ತಿತ್ತು. ಸಮೀಕರಣ ಬರೆಯುವ ಪೆನ್ನು ಬೇರೆಯವರ ಕೈಯಲ್ಲಿತ್ತು.

ಈಗ ಸ್ವಲ್ಪ ಲೆಕ್ಕಾಚಾರ. ಹಾಸ್ಟೆಲುಗಳಲ್ಲಿ ಇದು ಗೊತ್ತಿಲ್ಲದೇ ಎಷ್ಟೋ ಜನ ಕೂತಲ್ಲೇ ಕೂತಿದ್ದಾರೆ. ಎಂ.ಟೆಕ್.ಗೆ ದೊಡ್ಡ ಬಾಗಿಲು ಗೇಟ್ ಪರೀಕ್ಷೆ. ಸಾಮಾನ್ಯವಾಗಿ ಆಗಸ್ಟ್ ಕೊನೆಯ ಹೊತ್ತಿಗೆ ಅರ್ಜಿ ಕರೆಯುತ್ತಾರೆ, ಫೆಬ್ರವರಿಯಲ್ಲಿ ಪರೀಕ್ಷೆ. ಮೂರು ಗಂಟೆ, 65 ಪ್ರಶ್ನೆ, 100 ಅಂಕ. ಅರ್ಜಿ ಶುಲ್ಕ ಪರಿಶಿಷ್ಟರಿಗೆ ಅರ್ಧ. ಒಮ್ಮೆ ಬರೆದ ಅಂಕ ಮೂರು ವರ್ಷ ನಡೆಯುತ್ತದೆ. ಗೇಟ್ ಆಗಿ ಸೇರಿದವರಿಗೆ ಎರಡು ವರ್ಷ ತಿಂಗಳಿಗೆ 12,400 ರೂಪಾಯಿ ಸ್ಟೈಪೆಂಡ್ ಇದೆ. ನಮ್ಮ ರಾಜ್ಯದ ಕಾಲೇಜುಗಳಿಗೆ ಪಿಜಿಸಿಇಟಿ ಬರೆದೂ ಸೇರಬಹುದು, ಆದರೆ ಈ ದುಡ್ಡು ಗೇಟ್ ಆದವರಿಗೆ ಮಾತ್ರ. ಕೇಂದ್ರದ ಸಂಸ್ಥೆಗಳಲ್ಲಿ ಪರಿಶಿಷ್ಟ ಜಾತಿಗೆ ಶೇ. 15, ಪಂಗಡಕ್ಕೆ ಶೇ. 7.5 ಸೀಟು. ಎನ್‌ಟಿಪಿಸಿ, ಒಎನ್‌ಜಿಸಿಯಂಥ ಸರ್ಕಾರಿ ಕಂಪನಿಗಳು ಇದೇ ಅಂಕ ನೋಡಿ ಕೆಲಸಕ್ಕೂ ಕರೆದಿವೆ. ಅವ್ವನಿಗೆ ಹೇಳುವಾಗ ಈ ಕೊನೇ ಮಾತನ್ನು ಮೊದಲು ಹೇಳಿ.

12,400 ರೂಪಾಯಿಯಲ್ಲಿ ಮೆಸ್ಸು, ಬಸ್ಸು, ಪುಸ್ತಕ ಕಳೆದು ಊರಿಗೆ ಕಳಿಸಲು ಎಷ್ಟು ಉಳಿಯುತ್ತದೆ ಅಂತ ಕೇಳಬೇಡಿ. ನಮ್ಮ ಗೆಳೆಯ ಮೊದಲ ವರ್ಷ ಊರಿಗೆ ಹೋಗಿದ್ದು ಎರಡೇ ಸಲ. ತಂಗಿ ಗಾರ್ಮೆಂಟ್ಸ್ ಸೇರಿದಳು. ಅವಳು ಸೇರಿದ್ದಕ್ಕೇ ಇವನು ಓದಿದ್ದು. ಇದನ್ನು ಮುಚ್ಚಿಟ್ಟು ನಿಮಗೆ ಬರೀ ಹುರುಪು ತುಂಬಿದರೆ ಅದು ಮೋಸ.

ಒಳಗೆ ಹೋದ ಮೇಲೆ ಏನಾಯಿತು? ಊರಲ್ಲಾದರೆ ಜಾತಿಯನ್ನು ನೇರ ಕೇಳ್ತಾರೆ, ಇಲ್ಲ 'ಯಾವ ಬೀದಿಯಪ್ಪಾ' ಅಂತಾರೆ. ಅಲ್ಲಿ ಬೇರೆ ನಮೂನೆ: 'ನಿನ್ನ ಗೇಟ್ ರ‍್ಯಾಂಕ್ ಎಷ್ಟು?' ಹೇಳಿದ ತಕ್ಷಣ ಕೇಳಿದವನ ಮುಖದಲ್ಲಿ ಒಂದು ಸಣ್ಣ ನಗು. ಅಷ್ಟೇ. ಕೇರಿ ಎಲ್ಲಿದೆ ಅಂತ ಗೊತ್ತಾಗಿಬಿಡುತ್ತದೆ. ಎರಡನೇ ವರ್ಷದ ಪ್ರಬಂಧಕ್ಕೆ ಗೈಡ್ ಬೇಕು. ರ‍್ಯಾಂಕಿನ ಪ್ರಕಾರ ಹಂಚಿ ಹಂಚಿ ಕೊನೆಗೆ ಉಳಿದವನು ಇವನು. ಉಳಿದ ಗೈಡ್ ಇವನಿಗೆ ಸಿಕ್ಕರು ಅನ್ನುವುದಕ್ಕಿಂತ ಇವನು ಅವರ ಪಾಲಿಗೆ ಬಿದ್ದ ಅನ್ನಬೇಕು.

ಇವನು ಒಂದು ವಿಷಯ ಮನಸ್ಸಿನಲ್ಲಿಟ್ಟುಕೊಂಡು ಹೋಗಿದ್ದ. ಇಕ್ಕಟ್ಟಾದ ಗಲ್ಲಿಯೊಳಗೆ ಹೋಗಬಲ್ಲ, ಮ್ಯಾನ್‌ಹೋಲಿನ ಹೂಳೆತ್ತುವ ಸಣ್ಣ ಯಂತ್ರ. ಜೆಟ್ಟಿಂಗ್ ಲಾರಿ ದೊಡ್ಡ ರಸ್ತೆಯಲ್ಲಿ ನಿಲ್ಲುತ್ತದೆ, ಗಲ್ಲಿಗೆ ಬರುವುದಿಲ್ಲ. ಗಲ್ಲಿಗೆ ಬರುವುದು ಮನುಷ್ಯ. ಅವನು ಯಾವ ಜಾತಿಯ ಮನುಷ್ಯ ಅಂತ ಬೇರೆ ಹೇಳಬೇಕಾ? ಗೈಡ್ ಕೇಳಿ, 'ಇದು ರಿಸರ್ಚ್ ಅಲ್ಲಪ್ಪ, ಮುನಿಸಿಪಾಲಿಟಿ ಕೆಲಸ' ಅಂದರು.

ಆ ರಾತ್ರಿ ಫೋನು ಮಾಡಿ ತುಂಬ ಹೊತ್ತು ಸುಮ್ಮನಿದ್ದ. ಬಿಟ್ಟು ಬರ್ತೀನಿ ಅಂದ. ನಾವು ಬರಬೇಡ ಅಂದೆವು. ನಿಜ ಹೇಳಬೇಕೆಂದರೆ ಹಾಗನ್ನುವುದಕ್ಕೆ ನಮಗೇನು ಅಧಿಕಾರವಿತ್ತೋ ಗೊತ್ತಿಲ್ಲ; ಅಲ್ಲಿ ಕೂತು ಅನುಭವಿಸುತ್ತಿದ್ದವನು ಅವನು. ಒಂದು ವಾರ ಬಿಟ್ಟು ಅವನೇ ದಾರಿ ಕಂಡುಕೊಂಡ. ಹೂಳು ಅನ್ನುವ ಮಾತು ತೆಗೆದ. 'ಸ್ಲರಿ' ಅಂತ ಹಾಕಿದ. ಗಟ್ಟಿ ಸ್ಲರಿ ಪೈಪಿನಲ್ಲಿ ಹರಿಯುವ ಬಗೆ, ಕಂಪ್ಯೂಟರಿನಲ್ಲಿ ಲೆಕ್ಕ. ಅದೇ ಗೈಡ್ ತಲೆದೂಗಿದರು. ಹೇಸಿಗೆಗೆ ಇಂಗ್ಲಿಷ್ ಹೆಸರಿಟ್ಟರೆ ಮಡಿಯಾಗುತ್ತದೆ, ನೋಡಿ! ಅಂಥ ವಸ್ತುವನ್ನು ಬಿಂಗ್‌ಹ್ಯಾಮ್ ದ್ರವದ ಲೆಕ್ಕದಲ್ಲಿ ಹಿಡಿಯುತ್ತಾರಂತೆ. ಒಂದು ಮಟ್ಟದ ಒತ್ತಡ ಬೀಳುವವರೆಗೆ ಅಲ್ಲಾಡದೆ ಕೂತಿರುತ್ತದೆ, ಆ ಮಟ್ಟ ದಾಟಿದರೆ ಹರಿಯುತ್ತದೆ. ಪದ್ಯ ಬರೆಯುವ ನಮಗೆ ಇದರಲ್ಲೊಂದು ರೂಪಕ ಕಂಡು ಬಾಯಿ ಚಪ್ಪರಿಸಿದೆವು. 'ಸುಮ್ಕಿರ‍್ರಪ್ಪ, ಇದು ಲೆಕ್ಕ' ಅಂತ ಬೈದ.

ಯಂತ್ರಕ್ಕೂ ಜಾತಿಗೂ ಏನು ಸಂಬಂಧ ಅಂತ ಕೇಳುವವರು ಇದನ್ನು ನೋಡಲಿ. ಮಲಹೊರುವುದನ್ನೂ, ರಕ್ಷಣೆಯಿಲ್ಲದೆ ಚರಂಡಿಗಿಳಿಸುವುದನ್ನೂ ನಿಷೇಧಿಸುವ ಕಾಯ್ದೆ ಬಂದಿದ್ದು 2013ರಲ್ಲಿ. ಚರಂಡಿಯಲ್ಲಿ ಸತ್ತವರ ಕುಟುಂಬಕ್ಕೆ 10 ಲಕ್ಷ ಕೊಡಿ ಎಂದು ಸುಪ್ರೀಂ ಕೋರ್ಟು ಹೇಳಿದ್ದು 2014ರಲ್ಲಿ. 2023ರಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು. ಹೆಣದ ಬೆಲೆ ಒಂಬತ್ತು ವರ್ಷಕ್ಕೆ ಮೂರು ಪಟ್ಟಾಯಿತು. ಯಂತ್ರ ಮಾತ್ರ ಎಲ್ಲ ಊರಿಗೂ ತಲುಪಲಿಲ್ಲ. ಮಾಡೋಕೆ ಆಗದ ಯಂತ್ರವೇನಲ್ಲ. 2018ರಲ್ಲಿ ತಿರುವನಂತಪುರದಲ್ಲಿ ಯುವ ಎಂಜಿನಿಯರುಗಳ ಗುಂಪೊಂದು ಮ್ಯಾನ್‌ಹೋಲ್ ಶುಚಿ ಮಾಡುವ 'ಬ್ಯಾಂಡಿಕೂಟ್' ರೋಬೋಟನ್ನು ಕೆಲಸಕ್ಕೆ ಇಳಿಸಿತು. ನೆಲದಾಳದಿಂದ ತೈಲ ಎತ್ತುವ ದೇಶಕ್ಕೆ ಇಪ್ಪತ್ತಡಿ ಗುಂಡಿಯಿಂದ ಹೂಳೆತ್ತುವುದು ಕಷ್ಟವೇ? ಯಾವ ಸಮಸ್ಯೆ ಸಂಶೋಧನೆ, ಯಾವುದು ಮುನಿಸಿಪಾಲಿಟಿ ಕೆಲಸ ಅಂತ ತೀರ್ಮಾನ ಮಾಡುವ ಕುರ್ಚಿಯಲ್ಲಿ ಯಾರು ಕೂತಿದ್ದಾರೆ ಅನ್ನುವುದೇ ಪ್ರಶ್ನೆ.

ಆ ಕುರ್ಚಿಗೆ ಹೋಗುವ ದಾರಿ ಬಿ.ಇ.ಗೆ ನಿಲ್ಲುವುದಿಲ್ಲ. ಎಂಜಿನಿಯರಿಂಗ್ ಕಾಲೇಜಿನಲ್ಲಿ ಅಸಿಸ್ಟೆಂಟ್ ಪ್ರೊಫೆಸರ್ ಆಗಬೇಕಾದರೆ ಎಐಸಿಟಿಇ ನಿಯಮದ ಪ್ರಕಾರ ಎಂ.ಇ. ಅಥವಾ ಎಂ.ಟೆಕ್. ಬೇಕೇಬೇಕು. ವೈವಾದಲ್ಲಿ ಮೇಜಿನ ಆಚೆ ಬದಿ ಕೂರುವವನು, ಪ್ರಬಂಧದ ವಿಷಯಕ್ಕೆ ಸಹಿ ಹಾಕುವವನು, ಇಂಟರ್ನಲ್ ಅಂಕ ಕೊಡುವವನು ಅವನು. 'ರ‍್ಯಾಂಕ್ ಎಷ್ಟು' ಅನ್ನದೆ 'ಊಟ ಆಯ್ತಾ' ಅನ್ನುವ ಒಬ್ಬ ಮೇಷ್ಟ್ರು ನಮ್ಮ ಗೆಳೆಯನಿಗೆ ಆ ಎರಡು ವರ್ಷದಲ್ಲಿ ಸಿಗಲಿಲ್ಲ. ಈಗ ಎಲ್ಲರೂ ಕಂಪ್ಯೂಟರ್ ಸೈನ್ಸ್ ಹಿಂದೆ ಓಡುತ್ತಿರುವ ಕಾಲ. ಮೆಕ್ಯಾನಿಕಲ್ ಕಡೆ ಬರುವವರು ಕಮ್ಮಿ. ನಮಗೆ ಇದು ಒಳ್ಳೇ ಹೊತ್ತು ಅಂತಲೇ ಅನ್ನಿಸುತ್ತದೆ, ತಪ್ಪಿದ್ದರೆ ತಿದ್ದಿ.

ದುಡ್ಡಿನ ವಿಷಯದಲ್ಲಿ ಇನ್ನೊಂದು. 2024ರಲ್ಲಿ ಉತ್ತರ ಪ್ರದೇಶದ ದಿನಗೂಲಿಯ ಮಗನೊಬ್ಬ, ನಮ್ಮವನೇ, ಧನಬಾದಿನ ಐಐಟಿಯಲ್ಲಿ ಸೀಟು ಗಿಟ್ಟಿಸಿದ. ಅದು ಬಿ.ಟೆಕ್. ಸೀಟು. 17,500 ರೂಪಾಯಿ ಹೊಂದಿಸಿ ಕಟ್ಟುವುದರೊಳಗೆ ಗಡುವು ಮುಗಿದುಹೋಯಿತು, ಸೀಟು ಹೋಯಿತು. ಸುಪ್ರೀಂ ಕೋರ್ಟಿನವರೆಗೂ ಹೋಗಿ ಅದನ್ನು ವಾಪಸ್ ಪಡೆಯಬೇಕಾಯಿತು. ವಿದ್ಯಾರ್ಥಿವೇತನ ಆಮೇಲೆ ಬರುತ್ತದೆ, ಸೀಟಿನ ದುಡ್ಡು ಮೊದಲೇ ಕೇಳುತ್ತಾರೆ. ಈ ನಡುವಿನ ತಿಂಗಳುಗಳಲ್ಲೇ ನಮ್ಮವರು ಉದುರಿಹೋಗುವುದು. ನಮ್ಮ ಗೆಳೆಯನ ಮೊದಲ ಕಂತಿಗೆ ಹಾಸ್ಟೆಲಿನಲ್ಲಿ ತಲೆಗೆ ನೂರು, ಇನ್ನೂರು ಎತ್ತಿದೆವು. ಅಡಿಗೆ ಭಟ್ಟರು ಐನೂರು ಕೊಟ್ಟರು, ಬರೆದುಕೊಳ್ಳಬೇಡಿ ಅಂದರು. ಪ್ರತಿ ಹಾಸ್ಟೆಲಿನಲ್ಲೂ ಇಂಥದೊಂದು ಡಬ್ಬಿ ಇಡಬಾರದೇಕೆ? ಸಭೆಯ ಬ್ಯಾನರಿಗೆ ಎತ್ತುವ ದುಡ್ಡಿನಲ್ಲಿ ಅರ್ಧ ಅದಕ್ಕೆ ಹಾಕಿದರೂ ಆದೀತು.

ಅವನು ಓದಿದ ಪುಸ್ತಕಗಳು ನಮ್ಮ ಕೋಣೆಯ ಟ್ರಂಕಿನಲ್ಲಿವೆ. ಪಿ.ಕೆ. ನಾಗರ ಥರ್ಮೊಡೈನಮಿಕ್ಸ್, ಖುರ್ಮಿ, ಹಳೇ ಗೇಟ್ ಪ್ರಶ್ನೆಪತ್ರಿಕೆಗಳ ಒಂದು ಕಟ್ಟು. ಹುಡುಗಿಯರ ಹಾಸ್ಟೆಲಿನಿಂದ ಒಬ್ಬಳು ಬಂದು ಖುರ್ಮಿ ಒಯ್ದಿದ್ದಾಳೆ, ಈ ತಿಂಗಳ ಕೊನೆಗೆ ಕೊಡ್ತಾಳೆ. ಉಳಿದವು ಹಾಗೇ ಇವೆ. ಬೇಕಾದವರು ಭಾನುವಾರ ಬೆಳಿಗ್ಗೆ ಬಂದು ತಗೊಂಡು ಹೋಗಿ. ಪೆನ್ಸಿಲಿನಲ್ಲಿ ಅವನು ಬರೆದಿರುವುದನ್ನು ಮಾತ್ರ ಅಳಿಸಬೇಡಿ.